ಡೊಂಕಿ ಎತ್ತುತ್ತಿದ್ದ ಚಿಲಕ

ಇಂಥದ್ದನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ನಾನೇ ಅದನ್ನು ಅಚ್ಚಿಗೆ ಬಿಡುತ್ತಿರಲಿಲ್ಲ. ಜಿಲ್ಲಾ ಪತ್ರಿಕೆಯೊಂದಕ್ಕೆ ಅಪರಾಧ ಸುದ್ದಿ ಬರೆಯುವವನು ನಾನು. ಕೊಲೆ, ಸುಲಿಗೆ, ಹಳೇ ದ್ವೇಷಕ್ಕೆ ನಡುರಸ್ತೆಯಲ್ಲಿ ಬೀಸಿದ ಲಾಂಗು, ಇವುಗಳ ನಡುವೆಯೇ ನನ್ನ ದಿನಗಳು ಕಳೆದಿವೆ. ದೆವ್ವದ ಸುದ್ದಿ ಬಂದಾಗಲೆಲ್ಲ ಕಾರಣ ಹುಡುಕಿಕೊಂಡು ಹೋಗಿದ್ದೇನೆ, ಕಾರಣ ಸಿಕ್ಕಿದೆ. ಭದ್ರಾವತಿಯ ಖಾಲಿ ಬಿದ್ದ ಕ್ವಾರ್ಟರ್ಸ್ ಒಂದರಲ್ಲಿ ಹೆಂಗಸೊಬ್ಬಳು ಅಳುತ್ತಾಳೆಂದು ಜನ ಆ ದಾರಿಯನ್ನೇ ಬಿಟ್ಟಿದ್ದರು. ಹೋಗಿ ನೋಡಿದರೆ ಗಾಳಿಗೆ ಒದರುವ ತಗಡು, ಅದರ ಕೆಳಗೆ ಮರಿ ಹಾಕಿದ ಬೆಕ್ಕು. ಹಾಗೆಂದೇ ಬರೆದೆ. ಈಗ ಹೇಳಹೊರಟಿರುವುದಕ್ಕೆ ಮಾತ್ರ ನನಗೆ ತಗಡೂ ಸಿಕ್ಕಿಲ್ಲ, ಬೆಕ್ಕೂ ಸಿಕ್ಕಿಲ್ಲ.

ಶಿವಮೊಗ್ಗದ ವಿದ್ಯಾನಗರದಲ್ಲಿ ನಾನಿರುವ ಬೀದಿಗೆ ದಿನಾ ಸಂಜೆ ಒಂದು ಕಂದು ಹಸು ಬರುತ್ತಿತ್ತು. ಮಲವಗೊಪ್ಪದ ಕಡೆಯವರೊಬ್ಬರ ಹಸು. ವಯಸ್ಸಾಗಿ ಹಾಲು ಬತ್ತಿದ ಮೇಲೆ ಅದನ್ನು ಮೇಯಲು ಬಿಟ್ಟುಬಿಟ್ಟಿದ್ದರು. ಎಡಗೊಂಬು ಕೆಳಕ್ಕೆ ಬಾಗಿದ್ದರಿಂದ ಬೀದಿಯವರು ಡೊಂಕಿ ಎಂದು ಕರೆಯುತ್ತಿದ್ದರು. ಅದು ಕೂಗುತ್ತಿರಲಿಲ್ಲ. ಬಾಗಿದ ಕೊಂಬನ್ನು ಗೇಟಿನ ಚಿಲಕಕ್ಕೆ ಸಿಕ್ಕಿಸಿ ಎತ್ತಿ ಬಿಡುತ್ತಿತ್ತು. ಟಣ್ ಎಂದು ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಆ ಸದ್ದಿಗೆ ನಾವು ಬಾಳೆಹಣ್ಣಿನ ಸಿಪ್ಪೆಯನ್ನೋ ತರಕಾರಿಯ ತೊಟ್ಟನ್ನೋ ಹಿಡಿದು ಹೊರಗೆ ಬರುತ್ತಿದ್ದೆವು. ತಿಂದು ಮುಂದಿನ ಗೇಟಿಗೆ ಹೋಗುತ್ತಿತ್ತು. ಬೀದಿಯ ಕೊನೆಯ ಗೇಟು ಲೋಕೇಶನದು.

ಲೋಕೇಶ ಸಣ್ಣಪುಟ್ಟ ಗುತ್ತಿಗೆ ಕೆಲಸ ಮಾಡಿಸುವವನು. ಎದುರಿಗೆ ಸಿಕ್ಕರೆ ಕೈಯೆತ್ತಿ ನಮಸ್ಕಾರ ಹೇಳುವ ಮನುಷ್ಯ. ಹೆಂಡತಿ ಶೈಲಾ ಭದ್ರಾವತಿಯವಳು, ಅಲ್ಲಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಮಗಳು. ಅವನು ಆಕೆಯನ್ನು ಹೊಡೆಯುವಾಗ ಟಿವಿಯ ಸದ್ದು ಜೋರು ಮಾಡುತ್ತಿದ್ದ. ಇದು ಬೀದಿಗೆಲ್ಲ ಗೊತ್ತಿತ್ತು. ಅವನ ಮನೆಯ ಟಿವಿ ಜೋರಾದರೆ ಅಕ್ಕಪಕ್ಕದ ಮನೆಗಳ ಟಿವಿಗಳೂ ಜೋರಾಗುತ್ತಿದ್ದವು. ಮಾರನೇ ದಿನ ಶೈಲಾ ಸೆರಗು ಹೊದ್ದು ಸೊಪ್ಪು ಕೊಳ್ಳಲು ಬರುತ್ತಿದ್ದಳು, ಉಳಿದ ಹೆಂಗಸರು ಸೊಪ್ಪಿನ ಬಗ್ಗೆ ಮಾತಾಡುತ್ತಿದ್ದರು.

ಒಂದು ಸಂಜೆ ಡೊಂಕಿ ಅವನ ಹೊಸ ಕಾರಿಗೆ ಮೈ ಉಜ್ಜಿತು. ಬಾಗಿಲಿನ ಮೇಲೆ ಕೊಂಬಿನ ಗೀರು ಬಿತ್ತು. ಅವನು ತೆಂಗಿನಕಾಯಿ ಸುಲಿಯುವ ಮಚ್ಚು ಹಿಡಿದು ಬಂದು ಅದರ ಕುತ್ತಿಗೆಗೆ ಹೊಡೆದ, ಮತ್ತೆ ಹೊಡೆದ. ಡೊಂಕಿ ಓಡಲಿಲ್ಲ. ಬಂದ ದಾರಿಯಲ್ಲೇ ತಿರುಗಿ ನಡೆಯಿತು. ರಕ್ತ ಸುರಿಯುತ್ತಿದ್ದರೂ ಪ್ರತಿ ಗೇಟಿನ ಮುಂದೆ ನಿಂತು ಚಿಲಕ ಎತ್ತಿತು. ನಾನು ಹೊರಗೆ ಬರುವಷ್ಟರಲ್ಲಿ ನಮ್ಮ ಗೇಟಿನ ಸರಳುಗಳು ಕೆಂಪಾಗಿದ್ದವು. ಪಕ್ಕದ ಮನೆಯ ಪಾರ್ವತಕ್ಕ ಕೊಟ್ಟ ನೀರನ್ನು ಮೂಸಿತು, ಕುಡಿಯಲಾಗಲಿಲ್ಲ. ಚರಂಡಿಯ ಪಕ್ಕ ಮೊಣಕಾಲೂರಿ ಬಿತ್ತು. ಪಶುವೈದ್ಯರು ಬಂದಾಗ ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ.

ಅಷ್ಟರಲ್ಲಿ ಡೊಂಕಿ ರಕ್ತ ಸುರಿಸುತ್ತ ನಡೆದದ್ದನ್ನು ಯಾರೋ ತೆಗೆದ ವಿಡಿಯೊ ಊರೆಲ್ಲ ಹರಿದಾಡಿ ಬೈಕುಗಳಲ್ಲಿ ಹುಡುಗರ ಗುಂಪು ಬಂದಿಳಿಯಿತು. ಕೈಯಲ್ಲಿ ದೊಣ್ಣೆಗಳಿದ್ದವು. ‘ಕಡಿದೋನು ಯಾವನ್ರೀ? ಹೆಸರು ಹೇಳಿ ಸಾಕು’ ಎಂದು ಕೂಗಾಡಿದರು. ಹೆಸರು ಹೇಳಿದೆವು. ಗುಂಪಿನ ಮುಂದಿದ್ದವನು ದೊಣ್ಣೆ ಕೆಳಗಿಳಿಸಿದ.

‘ಥೋ, ನಮ್ ಲೋಕೇಶಣ್ಣಾನಾ? ಹೊಸಾ ಕಾರು ಮಾರಾಯ, ಸಿಟ್ಟು ಬಂದಿರುತ್ತೆ ಬಿಡು.’

‘ಹಂಗಾರೆ ದೊಣ್ಣೆ ಯಾತಕ್ ತಂದ್ರಪ್ಪ, ಕಾರು ಒರ್ಸೋಕಾ?’ ಎಂದು ಪಾರ್ವತಕ್ಕ ಕೇಳಿದರು.

ಬೈಕುಗಳು ಹೋದವು. ಈ ಊರು ಹೆಸರೊಂದಕ್ಕೆ ಉರಿದಿದ್ದನ್ನು ವರದಿ ಮಾಡಿದ್ದೇನೆ, ಹೆಸರೊಂದಕ್ಕೆ ತಣ್ಣಗಾಗಿದ್ದನ್ನು ನೋಡಿದ್ದು ಅಂದೇ. ಹಸುವಿನ ಒಡೆಯರು ಬಂದು ಅತ್ತು ಹೋದರು, ದೂರು ಕೊಡಲಿಲ್ಲ. ದೂರಿಲ್ಲದೆ ಹೆಸರು ಹಾಕುವಂತಿಲ್ಲ ಎಂದು ಸುದ್ದಿ ಸಂಪಾದಕರು ನನ್ನ ವರದಿಯನ್ನು ನಾಲ್ಕು ಸಾಲಿಗೆ ಇಳಿಸಿದರು. ಪಾಲಿಕೆಯ ಜೆಸಿಬಿ ಡೊಂಕಿಯನ್ನು ಎತ್ತಿ ಟ್ರ್ಯಾಕ್ಟರಿಗೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ಒತ್ತಿ ಹೇಳಲು ಕಾರಣವಿದೆ.

ವಾರ ಕಳೆದಿರಬಹುದು. ನನಗೆ ರಜೆಯ ದಿನ. ದೀಪ ಹಚ್ಚುವ ಹೊತ್ತು, ಇನ್ನೂ ಬೆಳಕಿತ್ತು. ಲೋಕೇಶನ ಮನೆಯ ಟಿವಿ ಜೋರಾಯಿತು. ಸ್ವಲ್ಪ ಹೊತ್ತಿಗೆ ನಮ್ಮ ಗೇಟಿನ ಚಿಲಕ ಸದ್ದಾಯಿತು. ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ನಾನು ಯೋಚಿಸಲಿಲ್ಲ. ಮೇಜಿನ ಮೇಲಿದ್ದ ಬಾಳೆಹಣ್ಣಿನ ಸಿಪ್ಪೆ ಹಿಡಿದು ಹೊರಗೆ ಬಂದೆ. ಗೇಟಿನ ಹತ್ತಿರ ಬಂದ ಮೇಲೆಯೇ ನೆನಪಾದದ್ದು. ಅಲ್ಲಿ ಯಾರೂ ಇರಲಿಲ್ಲ. ಚಿಲಕ ಇನ್ನೂ ಅಲುಗುತ್ತಿತ್ತು.

ಆಗ ಪಾರ್ವತಕ್ಕನ ಗೇಟು ಸದ್ದಾಯಿತು. ಅವರು ತಟ್ಟೆಯಲ್ಲಿ ಸೌತೆಕಾಯಿ ಸಿಪ್ಪೆ ಹಿಡಿದು ಬಂದರು, ನನ್ನನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಆಚೆ ಮನೆಯ ಗೇಟು. ಅದರಾಚೆಯದು. ಒಂದೊಂದೇ ಮನೆಯಿಂದ ಜನ ಕೈಯಲ್ಲಿ ಏನಾದರೊಂದು ಹಿಡಿದು ಹೊರಗೆ ಬಂದು ಹಾಗೇ ನಿಂತರು. ಸದ್ದು ಬೀದಿಯ ಉದ್ದಕ್ಕೂ ಹೋಗಿ ಲೋಕೇಶನ ಗೇಟಿಗೆ ತಲುಪಿತು. ಅಲ್ಲಿ ಮೂರಕ್ಕೆ ನಿಲ್ಲಲಿಲ್ಲ. ಟಿವಿಯ ಅಬ್ಬರದ ಮೇಲೂ ಟಣ್ ಟಣ್ ಟಣ್ ಎಂದು ಹೊಡೆದುಕೊಳ್ಳುತ್ತಲೇ ಇತ್ತು.

ಇಡೀ ಬೀದಿ ಹೊರಗಿತ್ತು. ಕೇಳಿಸಲಿಲ್ಲ ಎನ್ನಲು ಇನ್ನು ಯಾರಿಗೂ ದಾರಿಯಿರಲಿಲ್ಲ. ಮೊದಲು ಹೊರಟವರು ಪಾರ್ವತಕ್ಕ. ‘ಏ ಪೇಪರ್‌ನೋನೆ, ನಾಳೆ ಬರಿಯೋಕ್ ನಿಂತಿದೀಯಾ? ಬಾರೋ’ ಎಂದು ಬೈದರು. ನಾಲ್ಕೈದು ಜನ ಸೇರಿ ಬಾಗಿಲು ಒದ್ದು ಮುರಿದೆವು.

ಅಡುಗೆಮನೆಯ ನೆಲದಲ್ಲಿ ಶೈಲಾ ಬಿದ್ದಿದ್ದಳು. ಅಡ್ಡ ಹಿಡಿದ ಎಡಗೈ ಮೊಣಕೈಯಿಂದ ಕೆಳಗೆ ಸೀಳಿಹೋಗಿ ಮೂಳೆ ಕಾಣುತ್ತಿತ್ತು. ಕಿವಿಯ ಹಿಂದೆ ಇನ್ನೊಂದು ಏಟು. ಅಕ್ಕಿ ಡಬ್ಬ ಉರುಳಿ ಅಕ್ಕಿಯೆಲ್ಲ ರಕ್ತದಲ್ಲಿ ನೆನೆದಿತ್ತು. ಲೋಕೇಶ ಅದೇ ಮಚ್ಚು ಹಿಡಿದು, ಆಕೆಗೆ ಬೆನ್ನು ಹಾಕಿ, ಬಾಗಿಲ ಕಡೆ ನೋಡುತ್ತ ನಿಂತಿದ್ದ. ನಾವು ಹಿಡಿದಾಗ ಒದ್ದಾಡಲಿಲ್ಲ. ಪಾರ್ವತಕ್ಕ ತಮ್ಮ ಸೆರಗು ಹರಿದು ಆಕೆಯ ಕೈಗೆ ಬಿಗಿದರು. ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

ಆಮೇಲೆ ನನ್ನ ಕೆಲಸ ನಾನು ಮಾಡಿದೆ. ಆ ಸಂಜೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಬೀದಿಯಲ್ಲಿ ಮಕ್ಕಳು ಆಡುತ್ತಿರಲಿಲ್ಲ. ಮೂಲೆಮನೆಯವರ ಕ್ಯಾಮೆರಾದ ದೃಶ್ಯ ಕೇಳಿ ಪಡೆದು ಮತ್ತೆ ಮತ್ತೆ ನೋಡಿದೆ. ಚಿಲಕಗಳು ಅಷ್ಟು ದೂರದಿಂದ ಕಾಣುವುದಿಲ್ಲ. ಬೀದಿ ಖಾಲಿ. ಜನ ಮಾತ್ರ ಒಬ್ಬೊಬ್ಬರಾಗಿ ಗೇಟಿಗೆ ಬರುತ್ತಾರೆ. ಮನುಷ್ಯ ಬಂದಿದ್ದರೆ ಮುಖ ನೋಡಬೇಕಾದ ಎತ್ತರಕ್ಕೆ ಯಾರೂ ನೋಡುವುದಿಲ್ಲ, ಎಲ್ಲರೂ ಸೊಂಟದ ಮಟ್ಟಕ್ಕೆ ನೋಡುತ್ತಾರೆ.

ಭದ್ರಾವತಿಯ ತವರಿನಲ್ಲಿ ಚೇತರಿಸಿಕೊಳ್ಳುತ್ತಿದ್ದ ಶೈಲಾಳನ್ನು ಕಂಡು ಕೇಳಿದೆ. ‘ನಂಗೆ ಯಾವ ಸದ್ದೂ ಕೇಳ್ಲಿಲ್ಲ ಸಾರ್, ಟಿವಿ ಅಷ್ಟು ಜೋರಿತ್ತು. ಅವ್ರಿಗೆ ಕೇಳ್ತು. ಮೂರನೇ ಸಲ ಎತ್ತಿದ ಮಚ್ಚು ಹಂಗೇ ನಿಂತೋಯ್ತು. ಇದು ಮತ್ತೆ ಬಂತಾ ಅಂತ ಬಾಗ್ಲ ಕಡೆ ತಿರುಗಿದ್ರು. ಆಮೇಲೆ ನನ್ ಕಡೆ ತಿರುಗ್ಲೇ ಇಲ್ಲ’ ಎಂದಳು.

ಪ್ರಕರಣ ನ್ಯಾಯಾಲಯಕ್ಕೆ ಬಂತು. ಬಾಗಿಲು ಮುರಿದ ನಾವೇ ಸಾಕ್ಷಿಗಳು. ನಮ್ಮ ಮಾತು ಬಿದ್ದುಹೋದರೆ ಅವನು ಮನೆಗೆ ಬರುತ್ತಾನೆಂಬುದು ಶೈಲಾಳ ಭಯ. ಅವಳು ಗೋಡೆ ಬದಿಯ ಬೆಂಚಿನ ಮೇಲೆ ಕೂತಿದ್ದಳು, ಎಡಗೈ ಮಡಿಲಲ್ಲಿತ್ತು. ಸಾಕ್ಷಿ ಹೇಳಲು ನಿಂತಿದ್ದ ನನ್ನನ್ನು ಲೋಕೇಶನ ಪರ ವಕೀಲರು, ಆ ಸಂಜೆ ಗೇಟಿಗೆ ಬಂದಾಗ ನಿಮ್ಮ ಕೈಯಲ್ಲಿ ಏನಿತ್ತು ಎಂದು ಕೇಳಿದರು.

‘ಬಾಳೆಹಣ್ಣಿನ ಸಿಪ್ಪೆ.’

‘ಯಾರಿಗೆ?’

‘ಹಸುವಿಗೆ.’

‘ಹಸು ಅಲ್ಲಿತ್ತಾ?’

‘ಇರಲಿಲ್ಲ. ಸತ್ತು ವಾರವಾಗಿತ್ತು.’

ವಕೀಲರು ನಕ್ಕರು. ಹಿಂದೆ ಕೂತಿದ್ದ ಒಂದಿಬ್ಬರೂ ನಕ್ಕರು. ನನ್ನ ಮಾತು ಹಾಗೇ ದಾಖಲಾಯಿತು. ತೀರ್ಪು ಇನ್ನೂ ಬಂದಿಲ್ಲ, ನನ್ನ ಉತ್ತರದಿಂದ ಆಕೆಗೆ ಒಳಿತಾಯಿತೋ ಕೆಡುಕಾಯಿತೋ ಗೊತ್ತಿಲ್ಲ. ನಾನು ಕಂಡದ್ದು ಇಷ್ಟು. ನಗು ಎದ್ದಾಗ ಕಟಕಟೆಯಲ್ಲಿದ್ದ ಲೋಕೇಶ ನಗಲಿಲ್ಲ. ವಕೀಲರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮುಚ್ಚಿದ್ದ ನ್ಯಾಯಾಲಯದ ಬಾಗಿಲನ್ನು, ಅದರ ಚಿಲಕದ ಎತ್ತರಕ್ಕೆ, ನೋಡುತ್ತ ನಿಂತಿದ್ದ.