ವರ್ಲಿನ್ ಮುದುಕನ ಮೂರು ನಿಮಿಷ

ಕೆಂಟಕಿಯ ನಮ್ಮೂರಲ್ಲಿ ಪುರಸಭೆ ಸೇರಿತೆಂದರೆ ಮುದುಕ ವರ್ಲಿನ್ ಮೈಕಿನ ಮುಂದೆ ಹಾಜರು. ತುರ್ತು ಪರಿಸ್ಥಿತಿಯಲ್ಲಿ ಮೇಯರ್ ಭಾಷಣವನ್ನೂ ಬಂದೂಕನ್ನೂ ನಿಷೇಧಿಸಬಹುದೆಂಬ ಹೊಸ ನಿಯಮದ ಮಾತೆದ್ದ ಮೇಲಂತೂ, ಹೆಂಡತಿ ಉಪ್ಪು ಕೇಳಿದರೂ ಮಾತಿಗೂ ಬಂದೂಕಿಗೂ ಹಕ್ಕು ಕೊಟ್ಟ ಸಂವಿಧಾನ ಹೇಳುತ್ತಾನೆ. ಅವನ ಬಂದೂಕೋ, ಒದ್ದೆ ಕಾಲುಚೀಲ ಒಣಹಾಕುವುದಕ್ಕೇ ಸರಿ. ಅಳಿಲೂ ಅದಕ್ಕೆ ಹೆದರುವುದಿಲ್ಲ. ‘ಹೊಳೆ ಉಕ್ಕಿದ್ರೆ ದೋಣಿ ಕಳಿಸಯ್ಯ ಮೇಯರಪ್ಪ, ನನ್ ಬಾಯಿಗ್ಯಾಕೆ ಬೀಗ ಹಾಕ್ತೀಯ?’ ಎಂದು ಶುರುಮಾಡಿದರೆ, ಒಬ್ಬೊಬ್ಬರಿಗೆ ಕೊಡುವ ಮೂರು ನಿಮಿಷ ಮುಗಿದು ಗಂಟೆ ಹೊಡೆದರೂ ನಿಲ್ಲಿಸುವವನಲ್ಲ. ಮೊನ್ನೆ ಪಕ್ಕದ ಮನೆಯ ಐರಾ ಎದ್ದ. ಊರಿನ ಬಂದೂಕುಗಳನ್ನೆಲ್ಲ ಕಿತ್ತುಕೊಳ್ಳಿ ಎನ್ನುವ ಆಸಾಮಿ, ಮಾತು ಉಗ್ಗು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಸರದಿಯ ವರ್ಲಿನ್ ಕೈಯೆತ್ತಿದ: ‘ನನ್ನ ಮೂರು ನಿಮಿಷಾನೂ ಅವನಿಗೇ ಕೊಡಿ. ನನ್ ಬಂದೂಕು ಯಾಕೆ ಕಿತ್ಕೋಬೇಕು ಅಂತ ಪೂರ್ತಿ ಹೇಳ್ಲಿ.’