ಬನ್ನಿಗಿಡದ ರೊಟ್ಟಿ ಗಂಟು

ಕೊಟ್ಟೂರಿನ ಖಾನಾವಳಿಯಲ್ಲಿ ಇವತ್ತು ಮಗಳು ಅರ್ಧ ಸಜ್ಜೆ ರೊಟ್ಟಿ ಬಿಟ್ಟು ಎದ್ದಳು. ಎಳ್ಳು ಹಚ್ಚಿದ ಆ ರೊಟ್ಟಿಯ ವಾಸನೆಗೆ ನಮ್ಮ ಅಜ್ಜಿ ನೆನಪಾದಳು.

ಕೂಡ್ಲಿಗಿ ಕಡೆಯ ನಮ್ಮ ಮನೆಯಲ್ಲಿ ಊಟವಾದ ಮೇಲೆ ಬುಟ್ಟಿಯೊಳಗೆ ಒಂದೇ ಒಂದು ರೊಟ್ಟಿ ಉಳಿದರೂ ಅಜ್ಜಿ ಮಲಗುತ್ತಿರಲಿಲ್ಲ. "ಯಾರರ ತಿಂದು ಮುಗಿಸ್ರಲೇ" ಎಂದು ನಮ್ಮ ಕೈಗೆ ತುರುಕುತ್ತಿದ್ದಳು. ಜಿಪುಣಿ ಅಂದುಕೊಂಡು ನಗುತ್ತಿದ್ದೆವು. ಒಮ್ಮೆ ಯಾಕೆ ಅಂತ ಹಟ ಹಿಡಿದು ಕೇಳಿದೆ.

"ಸ್ವಾತಂತ್ರ್ಯಕ್ಕ ಹೋರಾಡೋರ ಜೋಡಿ ನಮ್ಮಪ್ಪ ಗುಡ್ಡ ಸೇರಿದ್ದ. ನಮ್ಮವ್ವ ದಿನಾ ಸಂಜೀಕ ಹೊಲದ ಬನ್ನಿಗಿಡಕ್ಕ ರೊಟ್ಟಿ ಗಂಟು ಕಟ್ಟಿ ಬರ್ತಿದ್ಲು. ಬೆಳಿಗ್ಗೆ ಹೋದ್ರ ಬರೀ ಬಟ್ಟಿ ಇರ್ತಿತ್ತು. ಒಂದಿನ ಗಂಟು ಹಂಗಽ ಇತ್ತು. ಅವ್ವ ಅದನ್ನ ಬಿಚ್ಚಲಿಲ್ಲ, ಮಗ್ಗಲಕ್ಕ ಇನ್ನೊಂದು ಕಟ್ಟಿ ಬಂದ್ಲು."

"ಆಮ್ಯಾಲೆ?" ಅಂದೆ. ಅಜ್ಜಿ ಬುಟ್ಟಿಯನ್ನು ಬೋರಲು ಹಾಕಿ ಎದ್ದುಹೋದಳು.

ಆ ಮುತ್ತಜ್ಜನ ಸುಳಿವು ಹುಡುಕುತ್ತ ಹೊಸಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಅಲೆದಿದ್ದೇನೆ. ಹೋದ ಕಚೇರಿಗಳಲ್ಲೆಲ್ಲ ಮೊದಲು ಕೇಳುವುದೇ ಅವನ ಹೆಸರು. ಮುತ್ತಜ್ಜಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅಜ್ಜಿಗೆ ಅವನು ಬರೀ "ನಮ್ಮಪ್ಪ". ಈಗ ನೆಂಟರಲ್ಲಿ ಯಾರಿಗೂ ಗೊತ್ತಿಲ್ಲ.

ಮಗಳು ಬಿಟ್ಟ ಅರ್ಧ ರೊಟ್ಟಿಯನ್ನು, ಹೊಟ್ಟೆ ತುಂಬಿದ್ದರೂ, ನಾನೇ ತಿಂದೆ.