ತೋಳಿನ ಬಾವು ಇಳಿಸುವವರನ್ನು ಹುಡುಕುತ್ತ

ನನ್ನ ಹೆಂಡತಿಯ ಬಲಗೈಯ ಬಳೆಗಳನ್ನು ಕೊನೆಗೆ ಒಡೆದೇ ತೆಗೆಯಬೇಕಾಯಿತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಒಂದೂ ಮಣಿಕಟ್ಟು ದಾಟಲಿಲ್ಲ. ಮುಂಗೈ ಅಷ್ಟು ಬಿಗಿದುಕೊಂಡಿತ್ತು. ನಾನು ಇಕ್ಕಳ ಹಿಡಿದು ಒಂದೊಂದೇ ಬಳೆ ಮುರಿಯುತ್ತಿದ್ದರೆ ಅವ್ವ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಮಗ ಎದುರಿಗೇ ಬದುಕಿರುವಾಗ ಸೊಸೆಯ ಬಳೆ ಒಡೆಯುವುದನ್ನು ನೋಡುವುದು ಅವಳಿಂದ ಆಗಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು ಕಲಬುರಗಿಯಲ್ಲಿ ನನ್ನ ಹೆಂಡತಿಗೆ ಎದೆಯ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಕರೆಂಟ್ ಇಡುವುದೂ, ಅಂದರೆ ರೇಡಿಯೇಷನ್ನೂ, ಮುಗಿದಿತ್ತು. ಗಡ್ಡೆ ಮತ್ತೆ ಬಂದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾವು ನಿರಾಳವಾಗಿ ಉಸಿರಾಡಲು ಶುರುಮಾಡಿದ್ದೆವು. ಅಷ್ಟರಲ್ಲಿ ಈ ಬಾವು. ಮತ್ತೆ ಅದೇ ರೋಗವೇ ಇರಬೇಕೆಂದು ಗಾಬರಿಯಾಗಿ ಓಡಿದೆವು. ಡಾಕ್ಟರು ತೋಳನ್ನು ಒತ್ತಿ ನೋಡಿ, ಅದಲ್ಲ ಎಂದರು. ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರಿಂದ ತೋಳಿನ ನೀರು ಹರಿದು ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತಿದೆ, ಇದಕ್ಕೆ ಗುಳಿಗೆ ಇಲ್ಲ, ಹಗುರ ಕೈಯಿಂದ ನೀವುವ ಒಂದು ಬಗೆಯ ಮಸಾಜು ಇದೆ, ಅದರ ಮೇಲೆ ಪದರ ಪದರವಾಗಿ ಪಟ್ಟಿ ಸುತ್ತಬೇಕು, ಅಂದರು.

"ಒಂದು ಮಾತು ನೆನಪಿಡ್ರಿ. ಆ ಕೈಗೆ ಸೂಜಿ ಚುಚ್ಚಿಸಬ್ಯಾಡ್ರಿ, ಒಂದು ಗೀರೂ ಬೀಳಬಾರದು. ನಂಜೇರಿದ್ರ ಜೀವಕ್ಕ ಬರ್ತದ."

ಆ ಮಸಾಜು ಬಲ್ಲ ಹೆಣ್ಣುಮಗಳು ಒಬ್ಬಳಿದ್ದಳು. ವಾರಕ್ಕೊಮ್ಮೆ ಬೇರೆ ಊರಿನಿಂದ ಕಲಬುರಗಿಗೆ ಬರುತ್ತಿದ್ದಳು. ನಾಲ್ಕಾರು ಸಲ ಮಾಡಿಸಿದೆವು. ಕೈ ಎಷ್ಟೋ ಮೆತ್ತಗಾಗಿತ್ತು. ಆಮೇಲೆ ಒಂದು ವಾರ ಹೋದರೆ ದವಾಖಾನೆಯಲ್ಲಿ ಅವಳ ಕೋಣೆಗೆ ಬೀಗ. ಅವಳಿಗೆ ದೂರದ ಊರಲ್ಲಿ ಕಾಯಂ ಕೆಲಸ ಸಿಕ್ಕಿತಂತೆ. ಅವಳ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿದರೆ ಕೌಂಟರಿನವನು ಭುಜ ಹಾರಿಸಿದ.

ನಾನು ಬಸ್ ಕಂಡಕ್ಟರ್. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲ ಕಡೆಯೂ ಡ್ಯೂಟಿ ಬೀಳುತ್ತದೆ. ಹೋದಲ್ಲೆಲ್ಲ ಕೇಳಿದೆ. ಅಫಜಲಪುರದಲ್ಲಿ ಫಿಜಿಯೋಥೆರಪಿಯ ಹುಡುಗನೊಬ್ಬ ಅಂಗಡಿ ಇಟ್ಟಿದ್ದ. ಮಂಡಿ, ಸೊಂಟ, ಲಕ್ವಾ ಹೊಡೆದವರು ಸಾಲಾಗಿ ಕುಳಿತಿದ್ದರು. ಅವನು ನನ್ನ ಮಾತು ಪೂರ್ತಿ ಕೇಳಿ, "ಇದನ್ನ ನಾ ಕಲ್ತಿಲ್ರಿ ಅಣ್ಣಾ. ಗೊತ್ತಿಲ್ದ ಒತ್ತಿದ್ರ ಹೆಚ್ಚಾಗ್ತದ," ಅಂದ. ಆಳಂದದಲ್ಲಿ ಎಣ್ಣೆ ಹಚ್ಚಿ ನೀವುವ ಆಯುರ್ವೇದದ ಕೋಣೆ ಇದೆಯೆಂದು ಯಾರೋ ಹೇಳಿದರು. ಹೋದೆ. ಕೋಣೆ ಇತ್ತು, ಮರದ ಮಂಚವೂ ಇತ್ತು. ಹೆಂಗಸರಿಗೆ ಮಾಡುವ ಹೆಂಗಸೇ ಇರಲಿಲ್ಲ. ಆ ಜಾಗ ಖಾಲಿ ಬಿದ್ದು ಎಷ್ಟೋ ಕಾಲವಾಗಿತ್ತು. ಇದ್ದೊಬ್ಬ ಡಾಕ್ಟರನ್ನು ಬೇರೆ ಕೆಲಸಕ್ಕೆ ಹಾಕಿದ್ದರು. ಪಟ್ಟಿಗಳ ಕಥೆಯೂ ಅದೇ. ಔಷಧಿ ಅಂಗಡಿಯವರು ಕಾಲು ಉಳುಕಿದರೆ ಕಟ್ಟುವ ಪಟ್ಟಿ ಕೊಡುತ್ತಿದ್ದರು. ನಮಗೆ ಬೇಕಾದದ್ದು ಅದಲ್ಲವೆಂದು ಅವರಿಗೆ ತಿಳಿಸಲು ನನಗೂ ಬರುತ್ತಿರಲಿಲ್ಲ.

ಹೀಗೆ ಹುಡುಕುತ್ತಿರುವಾಗಲೇ ಕೈ ಮತ್ತೆ ಊದಿಕೊಂಡಿತು. ಬಳೆ ಒಡೆದದ್ದು ಆಗಲೇ. ರೊಟ್ಟಿ ಬಡಿಯಲು ಆಗದೆ, ಜಡೆ ಹಾಕಿಕೊಳ್ಳಲು ಆಗದೆ, ಅವಳು ಸೆರಗಿನಡಿ ಕೈ ಮುಚ್ಚಿಕೊಂಡು ಕೂರುತ್ತಿದ್ದಳು.

ಅವ್ವನಿಗೆ ಜೇವರ್ಗಿಯ ಒಬ್ಬ ಹೆಣ್ಣುಮಗಳು ಗೊತ್ತಿದ್ದಳು. ಹಿಜಾಮಾ ಮಾಡುವವಳು, ಎಲ್ಲರೂ ಅವಳನ್ನು ಆಪಾ ಅನ್ನುತ್ತಿದ್ದರು. ಮೈಮೇಲೆ ಸಣ್ಣ ಬಟ್ಟಲು ಕೂರಿಸಿ, ಗಾಳಿ ಎಳೆದು, ಬ್ಲೇಡಿನಿಂದ ಸಣ್ಣ ಗೀರು ಹಾಕಿ ರಕ್ತ ತೆಗೆಯುತ್ತಿದ್ದಳು. ನಮ್ಮೂರಿನ ಹತ್ತಿರದ ಚೌಡಾಪುರಕ್ಕೆ ಬರುತ್ತಿದ್ದಳು, ಎಲ್ಲ ಜಾತಿಯ ಹೆಂಗಸರೂ ಹೋಗುತ್ತಿದ್ದರು. ತನ್ನ ಬೆನ್ನು ನೋವು ಅವಳ ಕೈಯಿಂದಲೇ ಹೋಯಿತೆಂದು ಅವ್ವ ನಂಬಿದ್ದಳು. ನಾನು ಬೇಡವೆಂದು ಹಲವು ಸಲ ಹೇಳಿದ್ದೆ.

ಆ ದಿನ ನನಗೆ ಜೇವರ್ಗಿ ಡ್ಯೂಟಿ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿಕೆಟ್ ಕೊಡುತ್ತಿದ್ದಾಗ ಹೆಂಡತಿಯ ಫೋನು ಬಂತು.

"ಅತ್ತಿ ಆ ಆಪಾನ ಮನೀಗೆ ಕರಸ್ಯಾರ. ನಾ ಮಾಡಿಸ್ಕೊಳಾಕತ್ತೇನಿ. ನಿಮಗ ಹೇಳ್ದೇ ಮಾಡಿಸ್ಕೊಳ್ಳೋದು ಬ್ಯಾಡಂತ ಫೋನ್ ಮಾಡ್ದೆ."

ನಾನು ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಕೂಗಿದೆ. "ಬ್ಯಾಡ! ಡಾಕ್ಟರ್ ಏನ್ ಹೇಳ್ಯಾರ ಮರ್ತಿ ಏನು? ಒಂದು ಗೀರೂ ಬೀಳಬಾರದು ಅಂದಾರ!"

"ಬ್ಯಾಡ ಅನ್ನೋದು ಬಿಟ್ಟು ನಿಮ್ಮ ಡಾಕ್ಟರ್ ಏನ್ ಕೊಟ್ಟಾರ ಹೇಳ್ರಿ?" ಅವಳ ದನಿ ಏರಲಿಲ್ಲ. "ಎಲ್ಲೀನೂ ಮಾಡೋರು ಇಲ್ಲ ಅಂತ ನೀವೇ ತಿರುಗಿ ತಿರುಗಿ ಬಂದೀರಿ. ಇಕಿ ಒಬ್ಬಾಕಿ ಮನೀ ಬಾಗಲಕ್ಕ ಬಂದಾಳ. ಹೆಣ್ಮಗಳದಾಳ. ಮುಟ್ಟಾಕ ಹೇಸಿಲ್ಲ."

ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಅವ್ವನಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಬಸ್ಸು ಬಿಟ್ಟು ಇಳಿಯುವ ಹಾಗಿಲ್ಲ. ಜನ ಚಿಲ್ಲರೆ ಕೇಳುತ್ತಿದ್ದಾರೆ, ಒಬ್ಬಳು ಮಗುವನ್ನು ನನ್ನ ಸೀಟಿನಲ್ಲಿ ಕೂರಿಸುತ್ತಿದ್ದಾಳೆ. ನನ್ನ ಕಣ್ಣೆದುರು ಮಾತ್ರ ಆ ಬ್ಲೇಡು. ಟ್ರಿಪ್ಪು ಮುಗಿಸಿ, ಡಿಪೋದಲ್ಲಿ ಕ್ಯಾಶ್ ಒಪ್ಪಿಸಿ, ನಮ್ಮೂರು ಗೊಬ್ಬೂರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಪಾ ಹೋಗಿಬಿಟ್ಟಿದ್ದಳು. ನನ್ನ ಹೆಂಡತಿಯ ತೋಳಿನ ಮೇಲೆ ದುಂಡಗಿನ ಕಪ್ಪು ಗುರುತುಗಳು, ಒಳಗೆ ಇರುವೆ ಸಾಲಿನಂಥ ಗೀರುಗಳು. ಅವ್ವ ನನ್ನ ಮುಖ ನೋಡಲಿಲ್ಲ. ನಾನು ಊಟ ಮಾಡದೆ ಮಲಗಿದೆ.

ಮರುದಿನ ಬೆಳಿಗ್ಗೆ ತೋಳಿನ ಬಾವು ಇಳಿದಿತ್ತು.

ನಿಜವಾಗಿಯೂ ಇಳಿದಿತ್ತು. ಅವಳು ಎಷ್ಟೋ ತಿಂಗಳ ಮೇಲೆ ತೋಳಿರುವ ರವಿಕೆ ತೊಟ್ಟುಕೊಂಡು ಬಂದು ನನ್ನ ಮುಂದೆ ನಿಂತಳು. "ನೋಡ್ರಿ," ಅಂದಳು, ಅಷ್ಟೇ. ಅವ್ವ ಚಹಾ ಕೊಡುವಾಗ ಗೆದ್ದವಳ ಹಾಗೆ ನಕ್ಕಳು. ನನ್ನದೇ ತಪ್ಪೇನೋ, ಸುಮ್ಮನೆ ಹೆದರಿ ಅವಳಿಗೆ ಸಿಗಬೇಕಾದದ್ದನ್ನು ತಡೆಯುತ್ತಿದ್ದೆನೇನೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಡ್ಯೂಟಿಗೆ ಹೋದೆ.

ಅದರ ಮರುದಿನ ನನಗೆ ರಜೆ. ಮಧ್ಯಾಹ್ನ ಅವಳು ಬಿಸಿಲಲ್ಲಿ ಕುಳಿತು ಚಳಿ ಎಂದಳು. ಕೌದಿ ಹೊದಿಸಿದೆವು, ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ. ಸೆರಗು ಸರಿಸಿ ನೋಡಿದರೆ ಮೊಣಕೈಯಿಂದ ಭುಜದವರೆಗೆ ಕೆಂಪು. ಮುಟ್ಟಿದರೆ ಬಿಸಿ ಹಂಚು. ನಾವು ನೋಡುತ್ತಿದ್ದ ಹಾಗೆಯೇ ಆ ಕೆಂಪು ಕತ್ತಿನ ಕಡೆ ಹರಿಯುತ್ತಿದೆ ಅನ್ನಿಸಿತು.

ಓಣಿಯವನೊಬ್ಬನ ಜೀಪಿನಲ್ಲಿ ಹಾಕಿಕೊಂಡು ಹೊರಟೆವು. ಕಬ್ಬಿನ ಸೀಜನ್ನು. ರಸ್ತೆಯ ತುಂಬ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು, ಎದುರಿನಿಂದ ಮತ್ತೊಂದು. ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಸಂಬಂಧವಿಲ್ಲದ ಮಾತಾಡತೊಡಗಿದಳು. ಹಿಟ್ಟು ಮುಚ್ಚಿಡು ಅಂದಳು, ಎಂದೋ ತೀರಿಕೊಂಡ ಅವಳ ಅಪ್ಪನನ್ನು ಕರೆದಳು. ಅವ್ವ ಹಿಂದೆ ಕುಳಿತು, "ನಾನೇ ಕರಸ್ದೆ, ನಾನೇ ಕರಸ್ದೆ," ಎಂದು ಹಣೆ ಬಡಿದುಕೊಳ್ಳುತ್ತಿದ್ದಳು.

ಕಲಬುರಗಿಯ ದವಾಖಾನೆಯಲ್ಲಿ ಎಡಗೈಗೆ ಸಲೈನ್ ಹಾಕಿದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ಎರಡು ದಿನ ಜ್ವರ ಏರಿಳಿಯಿತು. ಮೂರನೆಯ ದಿನ ಕೆಂಪು ಹಿಂದೆ ಸರಿಯಿತು. ಆಗ ಡಾಕ್ಟರು ಬೈಯಲು ಶುರುಮಾಡಿದರು. ಬ್ಲೇಡು, ಮೂಢನಂಬಿಕೆ, ಹಳ್ಳಿಯ ಜನ, ಎಲ್ಲ ಬಂತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೈರಿ ಸರ, ತಪ್ಪಾಗ್ಯಾದ. ಆದ್ರ ನೀವು ಹೇಳಿದ ಮಸಾಜ್ ಮಾಡೋರು ಎಲ್ಲಿ ಅದಾರ? ಊರ ಹೆಸರು ಹೇಳ್ರಿ, ನಡಕೋತ ಹೋಗ್ತೇನಿ."

ಡಾಕ್ಟರು ಮುಂದಿನ ಮಂಚದ ಕಡೆ ಹೋದರು. ಆದರೆ ಮರುದಿನ ಒಬ್ಬ ಹೆಂಗಸನ್ನು ಕಳಿಸಿದರು. ಬೇರೆ ದವಾಖಾನೆಯಲ್ಲಿ ಕೆಲಸ ಮಾಡುವ ಫಿಜಿಯೋ ಮೇಡಂ. ಡಾಕ್ಟರು ಯಾರು ಯಾರಿಗೋ ಫೋನು ಮಾಡಿ ಹುಡುಕಿದ್ದರು. ನಂಜು ಪೂರ್ತಿ ಇಳಿಯುವವರೆಗೆ ಕೈ ಮುಟ್ಟಬಾರದು, ಆಮೇಲೆ ಕಲಿಸುತ್ತೇನೆ ಎಂದರು ಮೇಡಂ. "ದಿನಾ ಮಾಡಬೇಕು, ನಾನು ದಿನಾ ಗೊಬ್ಬೂರಿಗೆ ಬರೋಕಾಗಲ್ಲ. ಮನೆ ಹೆಂಗಸರನ್ನ ಕರ್ಕೊಂಡು ಬನ್ನಿ."

ಅವ್ವನ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿದ್ದವು. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ.

"ನನಗ ಕಲಸ್ರಿ ಮೇಡಂ," ಅಂದೆ.

ಹೆಂಗಸರ ಕೋಣೆಗೆ ಗಂಡಸರನ್ನು ಬಿಡುವುದಿಲ್ಲ ಎಂದು ಅಲ್ಲಿಯ ಆಯಾ ಅಡ್ಡ ಬಂದಳು. ನನ್ನ ಹೆಂಡತಿಯೂ ತಲೆ ತಗ್ಗಿಸಿದಳು. ಆಪರೇಷನ್ ಆದ ಮೇಲೆ ಅವಳು ಆ ಭಾಗವನ್ನು ನನಗೆ ಒಮ್ಮೆಯೂ ತೋರಿಸಿರಲಿಲ್ಲ. ದೀಪ ಆರಿಸಿಯೇ ಸೀರೆ ಬದಲಿಸುತ್ತಿದ್ದಳು. ಮೇಡಂ ಅವಳನ್ನೇ ಕೇಳಿದರು, ನಿಮಗೆ ಒಪ್ಪಿಗೆ ಇದೆಯೇ ಎಂದು. ಅವಳು ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಈಗ ಬೇಡ ಅನ್ನುತ್ತಾಳೆ ಎಂದು ನಾನು ಬಾಗಿಲ ಕಡೆ ತಿರುಗಿದ್ದೆ.

"ಬರ್ಲಿ," ಅಂದಳು.

ನಂಜು ಪೂರ್ತಿ ಇಳಿದ ಮೇಲೆ, ಮಧ್ಯಾಹ್ನ ಬೇರೆ ರೋಗಿಗಳಿಲ್ಲದಾಗ ಪರದೆ ಎಳೆದು ಕಲಿಸಿದರು. ಮೊದಲು ಕತ್ತು, ಆಮೇಲೆ ಇನ್ನೊಂದು ಕಂಕುಳು, ಕೊನೆಗೆ ಊದಿದ ತೋಳು. ನಾನು ಒತ್ತಿದರೆ ಮೇಡಂ ನನ್ನ ಕೈ ಹಿಡಿದು ಎತ್ತುತ್ತಿದ್ದರು. "ಚರ್ಮ ಅಷ್ಟೇ ಸರೀಬೇಕು, ಒಳಗಿನ ಮಾಂಸ ಅಲ್ಲ." ಟಿಕೆಟ್ ಮಷೀನ್ ಒತ್ತಿ ಒತ್ತಿ ಗಡುಸಾದ ಬೆರಳು ಅಷ್ಟು ಹಗುರವಾಗಲು ಒಪ್ಪುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಆ ಗಾಯದ ಗೆರೆಯನ್ನು ನಾನು ಮೊದಲ ಸಲ ನೋಡಿದೆ. ಕೈ ತಪ್ಪಬಾರದು ಅನ್ನುವುದರಲ್ಲೇ ಮನಸ್ಸಿತ್ತು.

ಈಗ ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ನೀವುತ್ತೇನೆ. ಸರಿಯಾದ ಪಟ್ಟಿಗಳನ್ನು ಹೊರಗಿನಿಂದ ತರಿಸುತ್ತೇವೆ; ಬರುವುದು ತಡವಾದರೆ ಹಳೆಯವನ್ನೇ ಒಗೆದು ಸುತ್ತುತ್ತೇನೆ. ತೋಳು ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ಆದರೆ ರೊಟ್ಟಿ ಬಡಿಯುತ್ತಾಳೆ. ಕೈ ಜರಾ ಕೆಂಪಾದರೂ ಮೇಡಂಗೆ ಫೋನು ಮಾಡುತ್ತೇನೆ.

ಜೇವರ್ಗಿಯ ಆಪಾ ಒಮ್ಮೆ ನನ್ನ ಬಸ್ಸಿಗೇ ಹತ್ತಿದಳು. ಗುರುತು ಹಿಡಿದು ಬಿಕ್ಕಿದಳು. "ಖುದಾ ಕಸಮ್, ನನಗ ಯಾರೂ ಹೇಳ್ಲಿಲ್ಲ ಅಣ್ಣಾ, ಆಪರೇಷನ್ ಆದ ಕೈ ಅಂತ." ಬೈಯಬೇಕೆಂದು ಎಷ್ಟೋ ದಿನದಿಂದ ಕೂಡಿಟ್ಟ ಮಾತೆಲ್ಲ ಇತ್ತು. ಅದನ್ನು ಬಿಟ್ಟೆ. ಇನ್ನು ಮೇಲೆ ಪ್ರತಿಯೊಬ್ಬರನ್ನೂ ಕೇಳಿಯೇ ಮುಟ್ಟು ಎಂದೆ. ಅವಳು ಕೇಳುತ್ತಾಳೆಂದು ಕಾಣುತ್ತದೆ. ಯಾಕೆಂದರೆ ಸ್ವಲ್ಪ ದಿನದಲ್ಲೇ ಕಿಣ್ಣಿ ಸುಲ್ತಾನ ಎಂಬ ಊರಿನ ಒಬ್ಬ ಹೆಣ್ಣುಮಗಳನ್ನು ವಾಪಸ್ಸು ಕಳಿಸಿ, ನಮ್ಮ ಮನೆ ತೋರಿಸಿದಳು. ಆಕೆ ಗಂಡನಿಲ್ಲದವಳು, ಅದೇ ಆಪರೇಷನ್ ಆದವಳು. ಕೈ ನನ್ನ ಹೆಂಡತಿಯದಕ್ಕಿಂತ ದಪ್ಪ.

ನಾನು ಆಕೆಯನ್ನು ಮುಟ್ಟುವ ಹಾಗಿರಲಿಲ್ಲ. ಮೇಡಂಗೆ ಫೋನು ಮಾಡಿದೆವು. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬರಲಿ, ಆಮೇಲೆ ಫೋನಿನಲ್ಲಿ ನೋಡುತ್ತ ನಾನು ಹೇಳಿಕೊಡುತ್ತೇನೆ ಅಂದರು. ಆಕೆ ತೋರಿಸಿಕೊಂಡು ಬಂದ ದಿನ ನನ್ನ ಹೆಂಡತಿ ಫೋನನ್ನು ಡಬ್ಬಿಗೆ ಒರಗಿಸಿ, ತನ್ನ ಎಡಗೈಯನ್ನು ಆಕೆಯ ಕತ್ತಿನ ಮೇಲಿಟ್ಟಳು. "ಅಂಜಬ್ಯಾಡ್ರಿ ಅಕ್ಕಾ, ಉಸಿರು ಬಿಡ್ರಿ," ಅಂದಳು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ಕಟ್ಟೆಯ ಮೇಲೆ ಕುಳಿತೆ. ಒಳಗೆ ಮೇಡಂ ದನಿ, "ಒತ್ತಬೇಡಿ, ಇನ್ನೂ ಹಗುರ, ಇನ್ನೂ ಹಗುರ," ಅನ್ನುತ್ತಿತ್ತು.